ಕತ್ತಿ ಕೆಳಗಿಟ್ಟ ಮೇಲೆ

ಹೋದ ವಾರ ಪ್ರಾರ್ಥನಾ ಕೂಟ ಮುಗಿದ ಮೇಲೆ ಒಬ್ಬ ಹುಡುಗ ಬಂದು ಪಕ್ಕದಲ್ಲಿ ಕೂತ. ಮಿಷನರಿ ಸೇವೆಗೆ ಉತ್ತರದ ಕಡೆ ಹೋಗಬೇಕು ಅಂತ ಅವನಿಗೆ ಆಸೆ. "ಅಂಕಲ್, ಹಳೇ ಪಾಪ ಎಲ್ಲ ಬಿಟ್ಟೆ. ಮೊನ್ನೆ ಕ್ಯಾಂಪಿನಲ್ಲೇ ಮುಗಿಯಿತು" ಅಂದ. ಚಹಾ ಕುಡಿಯುತ್ತಾ ಹೂಂ ಅಂದೆ. ಮನೆಗೆ ಬಂದರೆ ಆ "ಮುಗಿಯಿತು" ಅನ್ನುವ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಕೂತಿದೆ. ಅವನಿಗೆ ಆಗ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಇಂಗ್ಲೆಂಡಿನ ಜಾನ್ ನ್ಯೂಟನ್ ಕತೆ ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಗುಲಾಮರ ವ್ಯಾಪಾರದಲ್ಲಿದ್ದ, 1748ರಲ್ಲಿ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕ, ದೇವರನ್ನು ಕೂಗಿದ, ಬದಲಾದ, 'ಅಮೇಜಿಂಗ್ ಗ್ರೇಸ್' ಹಾಡು ಬರೆದ. ಆಮೆನ್. ನಡುವಿನದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಬಿರುಗಾಳಿ ಕಳೆದ ಮೇಲೆಯೇ ಅವನು ಗುಲಾಮರ ಹಡಗಿಗೆ ಕ್ಯಾಪ್ಟನ್ ಆದದ್ದು. 1750ರಿಂದ 1754ರವರೆಗೆ ಮೂರು ಸಲ ಆಫ್ರಿಕಾದ ಜನರನ್ನು ಸರಪಳಿ ಹಾಕಿ ತುಂಬಿಕೊಂಡು ಹೋದ. ಮೇಲೆ ಭಾನುವಾರದ ಆರಾಧನೆ, ಕೆಳಗೆ ಸರಪಳಿಯ ಸದ್ದು. ಕೊನೆಗೆ ಹಡಗು ಬಿಟ್ಟದ್ದೂ ಮನಸ್ಸು ಚುಚ್ಚಿ ಅಲ್ಲ, ಆರೋಗ್ಯ ಕೈಕೊಟ್ಟು. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರ ತಪ್ಪು ಅಂತ ಪುಸ್ತಕ ಬರೆದು ಅಚ್ಚು ಹಾಕಿಸಿದ್ದು 1788ರಲ್ಲಿ. ಲೆಕ್ಕ ಹಾಕಿ, ನಲವತ್ತು ವರ್ಷ!

ಅವನನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಬೈಗುಳ, ಜೂಜು ಎಲ್ಲ ಬೇಗನೇ ಬಿಟ್ಟಿದ್ದ. ಅನ್ನ ಕೊಡುತ್ತಿದ್ದ ಪಾಪ ಮಾತ್ರ ಪಾಪ ಅಂತ ಕಾಣಿಸಲೇ ಇಲ್ಲ. ಸಂಬಳ ಬರುವ ಕಡೆಗೆ ನಮ್ಮ ಕಣ್ಣು ಸ್ವಲ್ಪ ಮಂಜು, ಅಲ್ವಾ? ತಡವಾಗಿಯಾದರೂ ತಾನು ಮಾಡಿದ್ದನ್ನು ತಾನೇ ಹೆಸರಿಟ್ಟು ಹೇಳಿದ. ಪಾರ್ಲಿಮೆಂಟಿನ ಸಮಿತಿ ಮುಂದೆ ನಿಂತು ಸಾಕ್ಷಿ ಕೊಟ್ಟ. ನನ್ನ ಮಟ್ಟಿಗೆ ಅವನ ಮಾನಸಾಂತರ ಪೂರ್ತಿಯಾದದ್ದು ಅಲ್ಲಿ.

ಈಗ ನಮ್ಮ ಊರಿಗೆ ಬರುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಜಾಸ್ತಿ, ಹಲವರ ಕೆಲಸ ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಮಿಷನರಿಗಳ ಕಟ್ಟಳೆ ಬಿಗಿ: ಸಭೆಗೆ ಸೇರಬೇಕಾದರೆ ಕಳ್ಳು ಇಳಿಸುವುದನ್ನು ಬಿಡಬೇಕು, ದೈವದ ಸೇವೆ ಬಿಡಬೇಕು, ಜಾತಿ ನೋಡದೆ ಒಟ್ಟಿಗೆ ಕೂತು ಉಣ್ಣಬೇಕು. ಬಿಟ್ಟರು. ಮರುದಿನ ಬೆಳಿಗ್ಗೆ ಗಂಜಿಗೆ ಅಕ್ಕಿ ಎಲ್ಲಿಂದ? ಮರ ಹತ್ತುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ. ನೆಂಟರು ಮನೆಗೆ ಸೇರಿಸುವುದಿಲ್ಲ. ಕೆಲವರು ಸುಮ್ಮನೆ ಮರದ ಹತ್ತಿರ ವಾಪಸು ಹೋದರೆ ಅದರಲ್ಲಿ ಆಶ್ಚರ್ಯ ಏನಿದೆ?

ಬೋಧನೆಯೊಂದೇ ಸಾಲುವುದಿಲ್ಲ ಅಂತ ಮಿಷನ್‌ನವರಿಗೂ ಹೀಗೆ ಅರ್ಥವಾಯಿತು. ಬೇಸಾಯ ಮಾಡಿಸಿ ನೋಡಿದರು, ಅಚ್ಚುಕೂಟ ಇಟ್ಟರು, ಮಗ್ಗ ಹಾಕಿದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅನ್ನುವವರು ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಮಣ್ಣು ಹಂಚಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಂಗಳೂರು ಹಂಚು ಅಂದರೆ ಎಲ್ಲರೂ ವ್ಯಾಪಾರದ ಕತೆ ಹೇಳುತ್ತಾರೆ. ಕಸುಬು ಬಿಟ್ಟವರ ಕೈಗೆ ಬೇರೆ ಕೆಲಸ ಕೊಡಲೇಬೇಕಾಗಿ ಬಂದ ಕತೆಯೂ ಅದರಲ್ಲಿದೆ. ಹಳೆ ಮನೆ ಬಿಚ್ಚುವಾಗ ನಾನೊಂದು ಹಂಚು ತಂದು ಇಟ್ಟುಕೊಂಡಿದ್ದೇನೆ. ಮಗುಚಿ ಹಾಕಿದರೆ ಬಾಸೆಲ್ ಮಿಷನ್ ಹೆಸರು, 1865 ಅನ್ನುವ ಅಂಕಿ. ಅಕ್ಷರದ ಸಂದಿಯಲ್ಲಿ ಈಗಲೂ ಪಾಚಿ.

ನಮ್ಮ ಅಜ್ಜಿಯ ಅಜ್ಜ ಆ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಅದಕ್ಕೂ ಮೊದಲು ಮೂರ್ತೆ. ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು ಹದ ಮಾಡಬೇಕಂತೆ. ತುದಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾಗದದಷ್ಟು ತೆಳ್ಳಗೆ ಸವರಬೇಕು. ತಪ್ಪಿಸಿದರೆ ಅದರ ಬಾಯಿ ಮುಚ್ಚುತ್ತದೆ, ಕಳ್ಳು ನಿಲ್ಲುತ್ತದೆ. ಇಷ್ಟು ವರ್ಷ ದಿನಕ್ಕೆರಡು ಸಲ ಹೋದ ಕೈ ಅದು. ದೀಕ್ಷಾಸ್ನಾನ ಆಗಿ ಎಷ್ಟೋ ಕಾಲದವರೆಗೆ, ಸಂಜೆ ಹೊತ್ತು ಇಳಿಯುವಾಗ ಅಜ್ಜನ ಕೈ ತಾನಾಗಿ ಸೊಂಟದಲ್ಲಿ ಕತ್ತಿ ಹುಡುಕುತ್ತಿತ್ತಂತೆ. ಮನೆಯವರು ನಗುತ್ತಿದ್ದರಂತೆ. ಕತ್ತಿಯನ್ನು ಎಸೆಯಲಿಲ್ಲ. ಅಜ್ಜಿ ಚಿಕ್ಕವಳಿದ್ದಾಗ ಅದರಲ್ಲೇ ಮೀನು ಹೆಚ್ಚುತ್ತಿದ್ದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ನಮ್ಮವರಿಗೆ ಸಿಟ್ಟು ಬಂದರೂ ಸರಿ. ಮೂರ್ತೆ ಪಾಪ ಅಂತ ನಾನು ಒಪ್ಪುವುದಿಲ್ಲ. ಬೆವರು ಸುರಿಸಿ ಮಾಡುವ ಕೆಲಸ ಅದು. ದೈವಗಳ ವಿಷಯದಲ್ಲೂ ಆ ಮಿಷನರಿಗಳು ಆಡಿದ ಮಾತು ಒರಟು. ತಮ್ಮ ಊರಿನ ದರ್ಪವನ್ನು ಅವರು ಹಡಗಿನಲ್ಲೇ ಬಿಟ್ಟು ಬರಲಿಲ್ಲ. ಬೇರೆಯವರ ಪಾಪದ ಪಟ್ಟಿ ಬರೆಯುವವನಿಗೆ ತನ್ನದು ಕೊನೆಗೆ ನೆನಪಾಗುತ್ತದೆ. ಆ ಹುಡುಗ ಉತ್ತರಕ್ಕೆ ಹೋಗುವ ಮುಂಚೆ ಇದನ್ನೂ ಯೋಚಿಸಬೇಕು. ಆದರೆ ಅಜ್ಜ ಅದನ್ನು ಪಾಪ ಅಂತ ನಂಬಿದರು, ನಂಬಿದ ಮೇಲೆ ಅನ್ನ ಕಳೆದುಕೊಂಡು ಬಿಟ್ಟರು. ನ್ಯೂಟನ್‌ಗೆ ನಲವತ್ತು ವರ್ಷ ಹಿಡಿದದ್ದನ್ನು ಅಕ್ಷರ ಬಾರದ ಈ ಮನುಷ್ಯ ಒಂದು ಮಳೆಗಾಲದೊಳಗೆ ಮಾಡಿದ.

ನಾವು? ಸಿನಿಮಾ ಬಿಟ್ಟೆ, ಸಿಗರೇಟು ಬಿಟ್ಟೆ ಅಂತ ಸಾಕ್ಷಿ ಹೇಳುತ್ತೇವೆ. ತಮ್ಮನ ಪಾಲಿನ ಜಾಗ ವಾಪಸು ಕೊಟ್ಟೆ ಅಂತ ಒಬ್ಬರೂ ಮೈಕ್ ಹಿಡಿದದ್ದು ನಾನು ನೋಡಿಲ್ಲ. ಮದುವೆ ಮಾತುಕತೆ ಬಂದಾಗ "ಅವರು ಮೊದಲು ಯಾರಂತೆ?" ಅಂತ ಅಡುಗೆಮನೆಯಲ್ಲಿ ಪಿಸುಪಿಸು ಕೇಳುವುದು ಇನ್ನೂ ನಿಂತಿಲ್ಲ. ಬೈಬಲಿನ ಸುಂಕದವನು ಜಕ್ಕಾಯನನ್ನು ನೋಡಿ. ಅತ್ತದ್ದು ಎಲ್ಲೂ ಬರೆದಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಅಂದ, ಅಷ್ಟೇ. ಸೀದಾ ಲೆಕ್ಕದ ಮಾತು.

ನನ್ನದೂ ಇದೆ. ಇಪ್ಪತ್ತೈದರ ವಯಸ್ಸಿನಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಂದ ಮಾಲಿಗಿಂತ ಬಿಲ್ಲಿನಲ್ಲಿ ನಾಲ್ಕು ಮೂಟೆ ಜಾಸ್ತಿ ತೋರಿಸಿ ಆ ದುಡ್ಡು ಜೇಬಿಗೆ ಹಾಕಿಕೊಂಡೆ, ಎರಡು ವರ್ಷ. ಆಮೇಲೆ ಒಂದು ಕೂಟದಲ್ಲಿ ಅತ್ತು, "ಹಳೇ ಜೀವನ ಮುಗಿಯಿತು" ಅಂತ ನಾನೂ ಹೇಳಿದವನೇ. ಎಲ್ಲರೂ ಚಪ್ಪಾಳೆ ತಟ್ಟಿದರು. ದುಡ್ಡು ಮಾತ್ರ ನನ್ನ ಹತ್ತಿರವೇ ಉಳಿಯಿತು. ಅದರಲ್ಲೇ ಬೈಕ್ ಬಂದಿತ್ತು. ಅದೇ ಬೈಕಿನಲ್ಲಿ ಆರಾಧನೆಗೆ ಹೋಗುತ್ತಿದ್ದೆ!

ಯಜಮಾನರ ಮನೆಗೆ ಹೋಗುವ ಧೈರ್ಯ ಬಂದದ್ದು ಹೋದ ವರ್ಷ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಆಗಲೇ ಗೊತ್ತಿತ್ತು ಮಾರಾಯ. ಕೂತ್ಕೋ, ಕಾಫಿ ಕುಡಿ" ಅಂದರು. ದುಡ್ಡು ವಾಪಸು ಬೇಡ ಅನ್ನುತ್ತಾರೆ ಅಂತ ಒಳಗೊಳಗೇ ಆಸೆ ಇತ್ತು ನೋಡಿ, ಆದರೆ ಬೇಡ ಅನ್ನಲಿಲ್ಲ. ಸೊಸೆಯನ್ನು ಕರೆದು ಒಂದು ಪುಸ್ತಕ ತರಿಸಿ ನನ್ನ ಹೆಸರು ಬರೆಸಿದರು. ತಿಂಗಳ ಮೊದಲ ಶನಿವಾರ ಹೋಗುತ್ತೇನೆ. ಇನ್ನು ಏಳು ಕಂತು ಬಾಕಿ ಇದೆ.