ನೋಡುವ ಮುನ್ನ ಅವರಿವರ ಮಾತು

ಪ್ರಶ್ನೆ: ಸಿನಿಮಾ ನೋಡುವ ಮೊದಲೇ ವಿಮರ್ಶಕರ, ಚಿತ್ರರಂಗದ ಒಳಗಿನವರ ಮಾತನ್ನು ನಂಬಬೇಕೆ?

ಪರ: ನಂಬಿ, ಅಳೆದು ನಂಬಿ

‘ನಾನು ವಿಮರ್ಶೆ ಓದುವುದಿಲ್ಲ, ಖಾಲಿ ಮನಸ್ಸಿನಿಂದ ಹೋಗಿ ನೋಡುತ್ತೇನೆ’ ಎನ್ನುವವರ ಮನಸ್ಸು ಖಾಲಿ ಇರುವುದೇ ಇಲ್ಲ. ಟೀಸರ್, ಟ್ರೇಲರ್, ಹಾಡು, ನಾಯಕನ ಸಂದರ್ಶನ, ಪೋಸ್ಟರ್ ಎಲ್ಲವೂ ಅಷ್ಟರಲ್ಲಿ ಅಲ್ಲಿ ಬಿಡಾರ ಹೂಡಿರುತ್ತವೆ. ಇವೂ ಅಭಿಪ್ರಾಯಗಳೇ, ಮಾರುವವರ ಅಭಿಪ್ರಾಯಗಳು. ಎರಡೂವರೆ ನಿಮಿಷದ ಟ್ರೇಲರನ್ನು ಎಷ್ಟೋ ಸಲ ಚಿತ್ರದ ಸಂಕಲನಕಾರ ಮುಟ್ಟಿಯೂ ಇರುವುದಿಲ್ಲ, ಪ್ರಚಾರದ ತಂಡ ಬೇರೆಯೇ ಕತ್ತರಿಸಿರುತ್ತದೆ. ಅಂತಿಮ ಪ್ರತಿಯಲ್ಲಿ ಇಲ್ಲದ ದೃಶ್ಯ ಅದರಲ್ಲಿ ಬರುವುದುಂಟು, ಚಿತ್ರಕ್ಕೆ ಸೇರದ ಸಂಗೀತವೂ ಉಂಟು. ವಿಮರ್ಶಕನ ಬಾಯಿ ಮುಚ್ಚಿಸಿದವನಿಗೆ ಕೇಳುವುದು ಇವರ ದನಿ ಮಾತ್ರ.

ನಂಬುವುದಕ್ಕೂ ಒಂದು ಕ್ರಮವಿದೆ. ಜನ ಮೊದಲು ಎಡವುವುದು ಅಂಕಿಗಳಲ್ಲಿ. ವಿಮರ್ಶೆಗಳನ್ನು ಒಂದೆಡೆ ಸೇರಿಸುವ ಜಾಲತಾಣ ರೊಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾವಾರು ಚಿತ್ರಕ್ಕೆ ಬಂದ ಅಂಕವಲ್ಲ, ಒಟ್ಟು ವಿಮರ್ಶಕರಲ್ಲಿ ಎಷ್ಟು ಮಂದಿ ‘ಪರವಾಗಿಲ್ಲ’ದಿಂದ ಮೇಲೆ ಹೇಳಿದರು ಎಂಬ ತಲೆ ಎಣಿಕೆ. ನೂರು ಮಂದಿಯೂ ಹತ್ತಕ್ಕೆ ಆರು ಕೊಟ್ಟ ಸಪ್ಪೆ ಚಿತ್ರಕ್ಕೆ ಶೇ 100 ಬಂದುಬಿಡಬಹುದು. ಎಪ್ಪತ್ತು ಮಂದಿ ಒಂಬತ್ತು, ಮೂವತ್ತು ಮಂದಿ ಮೂರು ಕೊಟ್ಟ ಚಿತ್ರಕ್ಕೆ ಶೇ 70 ಅಷ್ಟೇ. ಆದರೆ ಸರಾಸರಿ ತೆಗೆದರೆ 7.2. ನೋಡಲೇಬೇಕಾದ ಚಿತ್ರ ಇದು, ಮೇಲಿನದಲ್ಲ. ಹಾಗಾಗಿ ಶೇಕಡಾವಾರಿನ ಒಳಗಿರುವ ಸರಾಸರಿಯನ್ನು ಹುಡುಕಿ ನೋಡಿ. ಅಲ್ಲಿ ಶೇ 60 ಬಂದರೆ ಕೆಂಪು ಟೊಮ್ಯಾಟೊ ಹಣ್ಣಿನ ಗುರುತು, 59 ಬಂದರೆ ಹಸಿರು ಕಲೆ. ಈ ಗೆರೆಗೆ ತಲೆ ಕೆಡಿಸಿಕೊಳ್ಳಬೇಡಿ. ಅಂಥದ್ದೇ ಇನ್ನೊಂದು ತಾಣ ಮೆಟಾಕ್ರಿಟಿಕ್ ಸರಾಸರಿಯನ್ನೇ ಕೊಡುತ್ತದೆ, ಆದರೆ ಕೆಲವರ ಮಾತಿಗೆ ಹೆಚ್ಚು ತೂಕ ಹಾಕುತ್ತದೆ, ಯಾರಿಗೆ ಎಷ್ಟು ಎಂದು ಹೇಳುವುದಿಲ್ಲ. ಪ್ರೇಕ್ಷಕರ ರೇಟಿಂಗ್ ಆದರೆ ಒಟ್ಟು ಅಂಕ ಬಿಟ್ಟು, ಯಾವ ಅಂಕವನ್ನು ಎಷ್ಟು ಮಂದಿ ಕೊಟ್ಟರೆಂದು ತೋರಿಸುವ ಕಂಬಗಳ ಚಿತ್ರವನ್ನು ನೋಡಿ. 10 ಅಂಕದ ಕಡೆ ಒಂದು ಎತ್ತರದ ಕಂಬ, 1 ಅಂಕದ ಕಡೆ ಇನ್ನೊಂದು, ನಡುವೆ ಬಯಲು ಇದ್ದರೆ ಅಲ್ಲಿ ನಡೆದಿರುವುದು ಅಭಿಮಾನಿ ಬಣಗಳ ಜಗಳ. ಚಿತ್ರವನ್ನು ಎಷ್ಟು ಮಂದಿ ನೋಡಿದ್ದಾರೋ ದೇವರೇ ಬಲ್ಲ.

ಬೇಗ ಬಂದ ಅಂಕಿಗೆ ಮೋಸ ಹೋಗುವುದು ಇನ್ನೊಂದು ತಪ್ಪು. ಹತ್ತು ವಿಮರ್ಶೆಗಳಷ್ಟೇ ಇದ್ದಾಗ ಒಬ್ಬನ ಮುನಿಸು ಶೇ 10ರಷ್ಟು ಇಳಿಸುತ್ತದೆ. ನಲವತ್ತು ಐವತ್ತು ಸೇರಿದ ಮೇಲೆ ಅಂಕಿ ನೆಲೆ ನಿಲ್ಲುತ್ತದೆ. ಚಿತ್ರೋತ್ಸವದಿಂದ ಬರುವ ‘ಹತ್ತು ನಿಮಿಷ ನಿಂತು ಚಪ್ಪಾಳೆ’ ಎಂಬ ಸುದ್ದಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ನಿರ್ದೇಶಕ, ನಟರು ಅದೇ ಸಭಾಂಗಣದಲ್ಲಿ ನಿಂತಿರುವಾಗ ಮೊದಲು ಕೈ ನಿಲ್ಲಿಸುವ ಧೈರ್ಯ ಯಾರಿಗಿದೆ?

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸ: ನಿಮ್ಮ ವಿಮರ್ಶಕನನ್ನು ಆರಿಸಿಕೊಳ್ಳುವುದು. ನೀವು ಈಗಾಗಲೇ ನೋಡಿರುವ ಹತ್ತು ಚಿತ್ರಗಳನ್ನು ಬರೆದುಕೊಳ್ಳಿ. ಐದು ತುಂಬ ಹಿಡಿಸಿದವು, ಐದು ಎದ್ದು ಹೋಗಬೇಕು ಅನ್ನಿಸಿದವು. ‘ಚೆನ್ನಾಗಿದೆ’ ಎನ್ನುವ ನಡುಮಟ್ಟದವು ಬೇಡ, ಅವು ಏನನ್ನೂ ತೋರಿಸುವುದಿಲ್ಲ. ನಿಯಮಿತವಾಗಿ ಬರೆಯುವ ಮೂವರನ್ನು ಹಿಡಿದು ಆ ಹತ್ತಕ್ಕೂ ಅವರು ಬರೆದ ಹಳೆಯ ವಿಮರ್ಶೆ ಓದಿ, ಒಪ್ಪಿದ್ದಕ್ಕೊಂದು ಗೀಟು ಹಾಕಿ. ಎಂಟು ಗೀಟು ಬಿದ್ದವನು ಸಿಕ್ಕರೆ ಅವನನ್ನು ಬಿಡಬೇಡಿ. ಎರಡೇ ಬಿದ್ದವನನ್ನೂ ಬಿಡಬೇಡಿ! ಅವನು ಹೊಗಳಿದ್ದನ್ನು ತಪ್ಪಿಸಿಕೊಂಡು ಅವನು ಬೈದದ್ದಕ್ಕೆ ಹೋದರೆ ನಿಮಗೆ ಅಷ್ಟೇ ಲಾಭ. ಕೆಲಸಕ್ಕೆ ಬಾರದವನು ಐದು ಗೀಟಿನವನು. ಅವನನ್ನು ಓದುವುದೂ ನಾಣ್ಯ ಚಿಮ್ಮುವುದೂ ಒಂದೇ.

ಆರಿಸಿದ ಮೇಲೆ ಓದುವ ಬಗೆ. ಕಥೆ ಹೇಳುವ ಪ್ಯಾರಾಗಳನ್ನು ದಾಟಿಬಿಡಿ, ಅವು ಸಾಮಾನ್ಯವಾಗಿ ಎರಡನೆಯದು ಮೂರನೆಯದು. ಮೊದಲ ಪ್ಯಾರಾ, ಕೊನೆಯ ಪ್ಯಾರಾ ಸಾಕು. ತೀರ್ಪಿನ ಮಾತಿಗಿಂತ ವರ್ಣನೆಯ ಮಾತನ್ನು ಹುಡುಕಿ. ‘ನೀರಸ’ ಎಂಬುದು ಅವನ ಮನಸ್ಥಿತಿ. ‘ಮೊದಲ ನಲವತ್ತು ನಿಮಿಷ ನಾಯಕಿ ಒಂದು ಮಾತೂ ಆಡುವುದಿಲ್ಲ’ ಎಂಬುದು ಚಿತ್ರದ ಸಂಗತಿ. ಅದು ನಿಮಗೆ ರುಚಿಸುತ್ತದೋ ಇಲ್ಲವೋ ನೀವೇ ಹೇಳಬಲ್ಲಿರಿ. ಮರ್ಯಾದೆಯ ಮಾತುಗಳನ್ನು ಬಿಡಿಸಿ ಓದುವುದೂ ಅಭ್ಯಾಸವಾಗಬೇಕು. ‘ಮೇಕಿಂಗ್ ಅದ್ದೂರಿಯಾಗಿದೆ’ ಎಂದರೆ ಕಥೆಯ ಬಗ್ಗೆ ಕೇಳಬೇಡಿ ಎಂದರ್ಥ. ‘ಅಭಿಮಾನಿಗಳಿಗೆ ಹಬ್ಬ’ ಎಂದರೆ ಉಳಿದವರು ಮನೆಯಲ್ಲಿರಬಹುದು. ‘ಕತ್ತರಿಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು’ ಎಂದರೆ ಬರೆದವನು ನಡುವೆ ಗಡಿಯಾರ ನೋಡಿದ್ದಾನೆ. ಮೂರು ನಕ್ಷತ್ರ ಕೊಟ್ಟು ‘ಒಮ್ಮೆ ನೋಡಬಹುದು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವವನನ್ನು ನಿಮ್ಮ ಪಟ್ಟಿಯಿಂದ ಹೊಡೆದುಹಾಕಿ. ಪೋಸ್ಟರಿನ ಮೇಲಿನ ಉದ್ಧರಣೆಗಳನ್ನು ಎಂದೂ ನೆಚ್ಚಬೇಡಿ. ‘ಅದ್ಭುತವಾಗಬಹುದಾಗಿದ್ದ ಕಥೆ’ ಅಲ್ಲಿಗೆ ಬರುವಷ್ಟರಲ್ಲಿ ‘ಅದ್ಭುತ... ಕಥೆ’ ಆಗಿರುತ್ತದೆ.

ವಿಮರ್ಶೆ ಯಾವಾಗ ಬಂತು ಎಂಬುದೂ ಮಾಹಿತಿಯೇ. ಮುಂಚಿತ ಪ್ರದರ್ಶನಕ್ಕೆ ಕರೆದವರು ‘ಇಂಥ ದಿನ, ಇಂಥ ಗಂಟೆಯವರೆಗೆ ಬರೆಯಬಾರದು’ ಎಂಬ ಎಂಬಾರ್ಗೋ ಹಾಕಿರುತ್ತಾರೆ. ಅದು ಬಿಡುಗಡೆಗೆ ನಾಲ್ಕೈದು ದಿನ ಮೊದಲೇ ತೆರೆದರೆ ನಿರ್ಮಾಪಕರಿಗೆ ಧೈರ್ಯವಿದೆ. ಮೊದಲ ಪ್ರದರ್ಶನದ ಹೊತ್ತಿಗೇ ತೆರೆದರೆ, ಅಥವಾ ಪತ್ರಿಕಾ ಪ್ರದರ್ಶನವೇ ಇಲ್ಲದಿದ್ದರೆ, ಅನುಮಾನ ಪಡಿ. ಸಾಮಾಜಿಕ ಜಾಲತಾಣಕ್ಕೆ ಒಂದು ಎಂಬಾರ್ಗೋ, ಪೂರ್ಣ ವಿಮರ್ಶೆಗೆ ಇನ್ನೊಂದು ಇರುವುದುಂಟು. ಮೊದಲನೆಯದು ತೆರೆದಾಗ ಕಾಣುವ ಉದ್ಗಾರಗಳೆಲ್ಲ ಆಯ್ದು ಕರೆದ ಅತಿಥಿಗಳವು. ಎರಡನೆಯದಕ್ಕೆ ಕಾಯಿರಿ.

ಒಳಗಿನವರ ಮಾತು ಸ್ವಲ್ಪ ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಅರ್ಧ ಸತ್ಯ. ಇನ್ನರ್ಧ, ಅವರಲ್ಲಿ ಬಹಳ ಮಂದಿ ಪೂರ್ತಿ ಚಿತ್ರ ನೋಡಿಯೇ ಇರುವುದಿಲ್ಲ. ನಟ ಡಬ್ಬಿಂಗ್‌ನಲ್ಲಿ ತನ್ನ ದೃಶ್ಯಗಳನ್ನಷ್ಟೇ ಕಂಡಿರುತ್ತಾನೆ. ಸಂಕಲನಕಾರ ಹಿನ್ನೆಲೆ ಸಂಗೀತವಿಲ್ಲದ, ಗ್ರಾಫಿಕ್ಸ್ ಜಾಗದಲ್ಲಿ ಹಸಿರು ಪರದೆ ಇರುವ ಉದ್ದನೆಯ ಪ್ರತಿಯನ್ನು ನೋಡಿ ನೋಡಿ ಸುಸ್ತಾಗಿರುತ್ತಾನೆ. ಅವರ ‘ಸೂಪರ್’ ಅನ್ನೂ ‘ಡಬ್ಬಾ’ ಅನ್ನೂ ಬದಿಗಿಟ್ಟು, ಸಂಗತಿಗಳನ್ನು ಮಾತ್ರ ಹೆಕ್ಕಿಕೊಳ್ಳಿ. ಎಷ್ಟು ಹೊತ್ತಿನ ಚಿತ್ರ, ನಡುವೆ ನಿರ್ದೇಶಕ ಬದಲಾದನೇ, ಕ್ಲೈಮ್ಯಾಕ್ಸ್ ಮತ್ತೆ ಚಿತ್ರೀಕರಿಸಿದರೇ. ರೀಶೂಟ್ ಎಂದ ಮಾತ್ರಕ್ಕೆ ಬೆಚ್ಚಬೇಕಿಲ್ಲ, ದೊಡ್ಡ ಚಿತ್ರಗಳಲ್ಲಿ ಅದಕ್ಕೆ ಮೊದಲೇ ದಿನ ಮೀಸಲಿಟ್ಟಿರುತ್ತಾರೆ. ಹೊಸ ಬರಹಗಾರನನ್ನು ಕರೆಸಿ ರೀಶೂಟ್ ಮಾಡಿದರೆ ಅದು ಬೇರೆ ಮಾತು.

ವಿಮರ್ಶಕರು ತಪ್ಪುವುದಿಲ್ಲವೇ ಎಂದರೆ, ತಪ್ಪುತ್ತಾರೆ, ಒಪ್ಪಿಕೊಳ್ಳಲೂಬಲ್ಲರು. 1967ರಲ್ಲಿ ‘ಬಾನಿ ಅಂಡ್ ಕ್ಲೈಡ್’ ಬಂದಾಗ ನ್ಯೂಸ್‌ವೀಕ್‌ನ ಜೋ ಮಾರ್ಗನ್‌ಸ್ಟರ್ನ್ ಅದನ್ನು ಜಾಡಿಸಿ ಬರೆದರು. ಮುಂದಿನ ವಾರವೇ ತಾವು ತಪ್ಪಿದೆವೆಂದು ಅದೇ ಪತ್ರಿಕೆಯಲ್ಲಿ ಎರಡನೇ ವಿಮರ್ಶೆ ಬರೆದರು. ತನ್ನ ಟ್ರೇಲರ್ ಸುಳ್ಳು ಹೇಳಿತ್ತೆಂದು ಮುಂದಿನ ವಾರ ತಿದ್ದಿಕೊಂಡ ಪ್ರಚಾರ ವಿಭಾಗ ಒಂದಿದ್ದರೆ ತೋರಿಸಿ. ಸ್ವಾರಸ್ಯ ಹೋಗುತ್ತದೆ ಎನ್ನುವವರಿಗೆ, ಕಥೆಯ ಪ್ಯಾರಾ ದಾಟಿ ಎಂದು ಮೇಲೆಯೇ ಹೇಳಿದೆ.

ವಿರೋಧ: ನೋಡಿ ಬಂದು ಓದೋಣ

ಈ ಬದಿ ಹಿಡಿದು ಬರೆಯಿರಿ ಎಂದು ಕೇಳಿದ್ದಾರೆ. ವಿಮರ್ಶೆಯೇ ಬೇಡ ಎಂದು ಬರೆಯಲು ಕೈ ಬರುವುದಿಲ್ಲ. ಮೊದಲೇ ಬೇಡ ಎನ್ನುವಷ್ಟು ಬರೆಯಬಹುದು.

ಎದುರಿನ ಲೇಖಕರ ಕ್ರಮ ನೋಡಿ. ಮೂವರು ವಿಮರ್ಶಕರು, ತಲಾ ಹತ್ತು ಹಳೆಯ ವಿಮರ್ಶೆ, ಅಲ್ಲಿಗೆ ಮೂವತ್ತು ಬರಹ. ಜೊತೆಗೆ ಸರಾಸರಿ, ಕಂಬದ ಚಿತ್ರ, ಎಂಬಾರ್ಗೋ ತೆರೆದ ಗಂಟೆ. ಎರಡು ಗಂಟೆಯ ಸಿನಿಮಾಕ್ಕೆ ಪಬ್ಲಿಕ್ ಪರೀಕ್ಷೆಯ ತಯಾರಿ! ಇಷ್ಟೆಲ್ಲ ಮಾಡಿ ಹೋದವನು ಸಿನಿಮಾ ನೋಡುವುದಿಲ್ಲ, ಉತ್ತರ ಪತ್ರಿಕೆ ತಿದ್ದುತ್ತಾನೆ. ‘ದ್ವಿತೀಯಾರ್ಧ ಎಳೆದಂತಿದೆ’ ಎಂದು ಓದಿದವನಿಗೆ ಮೊದಲ ನಿಧಾನದ ದೃಶ್ಯ ಬಂದೊಡನೆ ‘ಓ, ಇದೇ ಇರಬೇಕು’ ಅನ್ನಿಸುತ್ತದೆ. ಕಥೆಯ ಪ್ಯಾರಾ ದಾಟಿದರೂ ಈ ಒಂದು ಸಾಲು ತಲೆಯಲ್ಲಿ ಕೂತಿರುತ್ತದೆ.

ವಿಮರ್ಶಕ ಚಿತ್ರ ನೋಡುವ ಪರಿಸ್ಥಿತಿಯೂ ನಮ್ಮದಲ್ಲ. ಬೆಳಗಿನ ಪ್ರದರ್ಶನ, ಮುಕ್ಕಾಲು ಖಾಲಿ ಕುರ್ಚಿಗಳು, ತೊಡೆಯ ಮೇಲೆ ಟಿಪ್ಪಣಿ ಪುಸ್ತಕ, ಕೆಲವೇ ಗಂಟೆಗಳಲ್ಲಿ ಬರಹ ಕೊಡಬೇಕು. ಉತ್ಸವವಾದರೆ ದಿನಕ್ಕೆ ನಾಲ್ಕು ಚಿತ್ರ. ನಗು ಒಬ್ಬರಿಂದ ಒಬ್ಬರಿಗೆ ಹಬ್ಬುವಂಥದ್ದು, ಖಾಲಿ ಸಭಾಂಗಣದಲ್ಲಿ ಹಾಸ್ಯಚಿತ್ರ ಸತ್ತುಬೀಳುತ್ತದೆ. ಭಯದ ಚಿತ್ರಕ್ಕೂ ಪಕ್ಕದ ಕುರ್ಚಿಯ ಕಿರುಚಾಟ ಬೇಕು. ಮಾರ್ಗನ್‌ಸ್ಟರ್ನ್ ಅವರ ಕಥೆಯಲ್ಲಿ ಎದುರಿನವರು ಬಿಟ್ಟದ್ದು ಇದನ್ನೇ. ಅವರ ಮನಸ್ಸು ಬದಲಾದದ್ದು ಸಾಮಾನ್ಯ ಪ್ರೇಕ್ಷಕರ ನಡುವೆ ಕೂತು ಎರಡನೇ ಸಲ ನೋಡಿದಾಗ. ಇನ್ನು ವರ್ಷಕ್ಕೆ ಮುನ್ನೂರು ಚಿತ್ರ ನೋಡುವವನಿಗೆ ಸೂತ್ರದ ಕಥೆ ಕಂಡರೆ ವಾಕರಿಕೆ, ವಿಚಿತ್ರವಾದದ್ದು ಕಂಡರೆ ಹುಮ್ಮಸ್ಸು. ವರ್ಷಕ್ಕೆ ಹತ್ತು ನೋಡುವವನಿಗೆ ಆ ಸೂತ್ರ ಇನ್ನೂ ಹಳತಾಗಿರುವುದಿಲ್ಲ.

ಒಳಗಿನವರ ಮಾತಿಗೆ ಬಂದರೆ ಡೇವಿಡ್ ಮ್ಯಾನಿಂಗ್ ಒಬ್ಬ ಸಾಕು. 2000ದ ಸುಮಾರಿನಲ್ಲಿ ಸೋನಿ ಕಂಪನಿಯ ಚಿತ್ರಗಳ ಜಾಹೀರಾತಿನಲ್ಲಿ ಈತನ ಹೊಗಳಿಕೆಗಳು ಮೇಲಿಂದ ಮೇಲೆ ಬಂದವು. ಅಮೆರಿಕದ ಕನೆಕ್ಟಿಕಟ್‌ನ ‘ರಿಡ್ಜ್‌ಫೀಲ್ಡ್ ಪ್ರೆಸ್’ ಎಂಬ ಸಣ್ಣ ವಾರಪತ್ರಿಕೆಯ ವಿಮರ್ಶಕ ಎಂದು ಕೆಳಗೆ ಹೆಸರು. ಪತ್ರಿಕೆ ನಿಜವಾಗಿಯೂ ಇತ್ತು, ವಿಮರ್ಶಕ ಇರಲಿಲ್ಲ. ಪ್ರಚಾರ ವಿಭಾಗದಲ್ಲಿ ಕೂತವರು ಅವನನ್ನು ಹುಟ್ಟಿಸಿ, ಬೇಕಾದ ಸಾಲುಗಳನ್ನು ಅವನ ಬಾಯಲ್ಲಿ ಹೇಳಿಸುತ್ತಿದ್ದರು. 2001ರ ಜೂನ್‌ನಲ್ಲಿ ನ್ಯೂಸ್‌ವೀಕ್ ಇದನ್ನು ಬಯಲು ಮಾಡಿತು. ಅದರ ಬೆನ್ನಲ್ಲೇ, ಟಿವಿ ಜಾಹೀರಾತಿನಲ್ಲಿ ಚಿತ್ರ ನೋಡಿ ಹೊರಬಂದ ಸಾಮಾನ್ಯ ಪ್ರೇಕ್ಷಕರಂತೆ ಮೆಚ್ಚಿ ಮಾತಾಡಿದ್ದ ಇಬ್ಬರು ಅದೇ ಕಂಪನಿಯ ನೌಕರರೆಂದೂ ಗೊತ್ತಾಯಿತು. 2005ರಲ್ಲಿ ಮೊಕದ್ದಮೆ ರಾಜಿಯಾಗಿ ಕಂಪನಿ 15 ಲಕ್ಷ ಡಾಲರ್ ಎತ್ತಿಟ್ಟಿತು, ಟಿಕೆಟ್ ಕೊಂಡಿದ್ದವರಿಗೆ ತಲಾ 5 ಡಾಲರ್ ವಾಪಸ್. ಇದು ನಿಜವಾದ ವಿಮರ್ಶಕರ ತಪ್ಪಲ್ಲ ಎನ್ನುತ್ತೀರಿ. ಸರಿ. ಆದರೆ ಓದುವಾಗ ಯಾರು ನಿಜ, ಯಾರು ಮ್ಯಾನಿಂಗ್ ಎಂದು ಹಣೆಯ ಮೇಲೆ ಬರೆದಿರುತ್ತದೆಯೇ? ಅಂಕ ತೋರಿಸುವ ರೊಟನ್ ಟೊಮ್ಯಾಟೋಸ್ 2016ರಿಂದ ಟಿಕೆಟ್ ಮಾರುವ ಫ್ಯಾಂಡಾಂಗೊದ ಕೈಯಲ್ಲಿದೆ ಎಂಬುದನ್ನೂ ಎದುರಿನವರ ಲೆಕ್ಕದ ಪಕ್ಕದಲ್ಲಿ ಬರೆದಿಡಿ.

ನಿಜವಾದವರೂ ಗುಂಪಾಗಿ ಎಡವಿದ್ದಾರೆ. 1960ರಲ್ಲಿ ಮೈಕೆಲ್ ಪೊವೆಲ್ ಅವರ ‘ಪೀಪಿಂಗ್ ಟಾಮ್’ ಮೇಲೆ ಬ್ರಿಟನ್ನಿನ ವಿಮರ್ಶಕರು ಮುಗಿಬಿದ್ದ ರೀತಿಗೆ ಚಿತ್ರ ಬೇಗನೆ ಚಿತ್ರಮಂದಿರಗಳಿಂದ ಮಾಯವಾಯಿತು, ನಿರ್ದೇಶಕರ ವೃತ್ತಿಗೂ ಅಲ್ಲಿ ಪೆಟ್ಟು ಬಿತ್ತು. ಇಂದು ಅದನ್ನು ತರಗತಿಗಳಲ್ಲಿ ಪಾಠ ಮಾಡುತ್ತಾರೆ. 1958ರಲ್ಲಿ ಮಿಶ್ರ ಪ್ರತಿಕ್ರಿಯೆ ಪಡೆದ ‘ವರ್ಟಿಗೋ’ 2012ರಲ್ಲಿ ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಸಾರ್ವಕಾಲಿಕ ಶ್ರೇಷ್ಠ ಚಿತ್ರಕ್ಕಾಗಿ ವಿಮರ್ಶಕರಿಂದ ನಡೆಸಿದ ಮತದಾನದಲ್ಲಿ ಮೊದಲ ಸ್ಥಾನಕ್ಕೆ ಬಂತು. ಪತ್ರಿಕಾ ಪ್ರದರ್ಶನ ಇಲ್ಲದಿದ್ದರೆ ಅನುಮಾನಿಸಿ ಎಂಬ ಸೂತ್ರ ಹಿಡಿದವನು 1960ರಲ್ಲಿ ‘ಸೈಕೋ’ಗೆ ಹೋಗುತ್ತಲೇ ಇರಲಿಲ್ಲ, ಅದರ ನಿರ್ದೇಶಕ ಹಿಚ್‌ಕಾಕ್ ವಿಮರ್ಶಕರಿಗೆ ಮೊದಲೇ ತೋರಿಸದೆ, ಜನರ ಜೊತೆ ಬಂದು ನೋಡಿ ಎಂದಿದ್ದರು.

ಹಾಗಾದರೆ ಆರಿಸುವುದು ಹೇಗೆ? ಬರೆದವರು, ನಿರ್ದೇಶಿಸಿದವರು ಯಾರು, ಅವರ ಹಿಂದಿನದು ನಿಮಗೆ ಹೇಗಿತ್ತು, ಯಾವ ಬಗೆಯ ಚಿತ್ರ, ಎಷ್ಟು ಹೊತ್ತು. ಮಕ್ಕಳ ಜೊತೆ ಹೋಗುವುದಾದರೆ ಪ್ರಮಾಣಪತ್ರ ಯಾವುದು. ಇಷ್ಟು ಸಾಕು. ಟ್ರೇಲರ್ ಕೂಡ ಬೇಡ. ಚಿತ್ರ ಮುಗಿದ ರಾತ್ರಿ ವಿಮರ್ಶೆಗಳನ್ನು ತೆರೆಯಿರಿ, ಆಗ ಕಥೆಯ ಪ್ಯಾರಾಗಳನ್ನೂ ದಾಟಬೇಕಿಲ್ಲ. ಎದುರಿನವರು ಹೇಳಿದ ಗೀಟಿನ ಲೆಕ್ಕ ಬೇಕಿದ್ದರೆ ಆಗ ಹಾಕಿಕೊಳ್ಳಿ, ಅದು ಕೆಟ್ಟ ಉಪಾಯವೇನಲ್ಲ.