‘ಈ ರೇಟಿಗೆ ಚೆನ್ನಾಗಿದೆ’ ಅನ್ನುವ ಮಾತು ಬಿಡೋಣ

ಕಡಿಮೆ ಬೆಲೆಯ ಓಪನ್-ಬ್ಯಾಕ್ ಹೆಡ್‌ಫೋನ್ ಬಗ್ಗೆ ಯಾರನ್ನ ಕೇಳಿದರೂ ಒಂದೇ ಉತ್ತರ. “ಈ ರೇಟಿಗೆ ಚೆನ್ನಾಗಿದೆ.” ಯೂಟ್ಯೂಬ್‌ನಲ್ಲಿ ಅದೇ, ಶಾಪಿಂಗ್ ಆ್ಯಪ್‌ನ ರಿವ್ಯೂಗಳಲ್ಲಿ ಅದೇ, ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿಯವರನ್ನ ಕೇಳಿದರೂ ಅದೇ. ಈ ಮಾತಿನಿಂದ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ. ಹಾಡುವವರ ದನಿ ಸರಿಯಾಗಿ ಬರುತ್ತದೋ ಇಲ್ಲವೋ, ಅದನ್ನ ಹೇಳಬೇಕು. ಮೂರು ಸಾವಿರದ ಹೆಡ್‌ಫೋನ್‌ನಲ್ಲಿ ದನಿ ಕೆಟ್ಟು ಬಂದರೆ ಅದು ಕೆಟ್ಟಿದ್ದೇ. ಮೂವತ್ತು ಸಾವಿರದ್ದರಲ್ಲಿ ಬಂದರೂ ಕೆಟ್ಟಿದ್ದೇ.

ಇದನ್ನ ಅಳೆದು ನೋಡಿದವರಿದ್ದಾರೆ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನ ಅವುಗಳ ಬೆಲೆಯ ಜೊತೆ ಇಟ್ಟು ನೋಡಿದರು. ಯಾವ ಸ್ವರವನ್ನ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದಕ್ಕೂ ಬೆಲೆಗೂ ನಂಟೇ ಸಿಗಲಿಲ್ಲ. ಹಾಗಂತ ದುಡ್ಡಿಗೆ ಏನೂ ಸಿಗುವುದಿಲ್ಲ ಅಂತಲ್ಲ. ಗಟ್ಟಿ ಹೆಡ್‌ಬ್ಯಾಂಡ್ ಸಿಗಬಹುದು, ಒಳ್ಳೆಯ ಪ್ಯಾಡ್ ಸಿಗಬಹುದು, ಬಿಡಿ ಭಾಗ ಸಿಗಬಹುದು. ದನಿಯ ಲೆಕ್ಕ ಬೇರೆ, ಈ ಲೆಕ್ಕ ಬೇರೆ. ಎರಡನ್ನೂ ಕಲಸಿದಾಗಲೇ “ಈ ರೇಟಿಗೆ” ಅನ್ನುವ ಮಾತು ಹುಟ್ಟುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಓಪನ್-ಬ್ಯಾಕ್ ಅಂದರೆ ಕಿವಿ ಮೇಲೆ ಕೂರುವ ಬಟ್ಟಲಿನ ಹಿಂಭಾಗ ಮುಚ್ಚಿರುವುದಿಲ್ಲ, ಜಾಲರಿ ಇರುತ್ತದೆ. ಒಳಗಿನ ಹಾಡು ಹೊರಗೆ ಹೋಗುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ದನಿ ತಲೆಯೊಳಗೆ ಒತ್ತಿದ ಹಾಗೆ ಇರುವುದಿಲ್ಲ, ಬಿಡುಬೀಸಾಗಿ ಕೇಳುತ್ತದೆ. ಇದು ಶ್ರೀಮಂತರ ಹವ್ಯಾಸ ಅಂತ ಕೆಲವರು ಅಂದುಕೊಂಡಿದ್ದಾರೆ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414 ಓಪನ್ ಹೆಡ್‌ಫೋನ್‌ಗಳಲ್ಲಿ ಮೊದಲನೆಯದು. ಅದು ಒಂದು ಕೋಟಿಗೂ ಜಾಸ್ತಿ ಮಾರಾಟವಾಯಿತು. 1984ರ ಕಾಸ್ ಪೋರ್ಟಾ ಪ್ರೋ ಕೂಡ ಓಪನ್ ಜಾತಿಯದೇ, ದುಬಾರಿಯೂ ಅಲ್ಲ. ಸಾಮಾನ್ಯ ಜನ ಕೊಂಡು ಕೇಳಿದ ವಸ್ತು ಇದು.

ನಮ್ಮೂರಿಗೆ ಇದು ಹೊಂದುತ್ತದಾ? ಅರ್ಧ ಹೊಂದುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ರೆಕ್ಸಿನ್ ಪ್ಯಾಡ್ ಇರುವ ಮುಚ್ಚಿದ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸ್ವಲ್ಪ ಹೊತ್ತಿಗೇ ಕಿವಿ ಬೆವರುತ್ತದೆ. ಬಟ್ಟೆ ಪ್ಯಾಡಿನ ಓಪನ್-ಬ್ಯಾಕ್‌ನಲ್ಲಿ ಆ ಕಾಟ ಬಹಳ ಕಡಿಮೆ. ಆದರೆ ಅದೇ ಬಿಸಿಲಿಗೆ ಮನೆಯಲ್ಲಿ ಕೂಲರ್ ಹಾಕುತ್ತೇವಲ್ಲ, ಅದರ ಸದ್ದೆಲ್ಲ ಒಳಗೆ ಬರುತ್ತದೆ. ಆಗ ಗೊತ್ತಿಲ್ಲದೇ ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಕೂಲರ್ ಜೊತೆ ಪೈಪೋಟಿಗೆ ಬಿದ್ದರೆ ಆ ಮಿತಿ ಬೇಗ ದಾಟುತ್ತದೆ. ಬೀದರ್ ಬಸ್ಸಿನಲ್ಲಿ, ಆಫೀಸಿನಲ್ಲಿ, ಮಕ್ಕಳು ಓದುತ್ತಾ ಕೂತ ಕೋಣೆಯಲ್ಲಿ ಇದು ಬೇಡವೇ ಬೇಡ. ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಮಲಗುವವರಿಗೆ ಮಾತ್ರ ಇದರಷ್ಟು ಸುಖ ಬೇರೆ ಇಲ್ಲ. ಫ್ಯಾನ್ ಇಲ್ಲ, ಕೂಲರ್ ಇಲ್ಲ, ಕೆಳಗಿನಿಂದ ಅವ್ವ ಕೂಗಿದರೂ ಕೇಳುತ್ತದೆ.

ಈಗ ಪರೀಕ್ಷೆಯ ವಿಷಯ. ನನಗೆ ಮುಖ್ಯ ಅನಿಸಿದ್ದು ಇದೇ.

ಒಳ್ಳೆಯದು ಯಾವುದು ಅಂತ ತಿಳಿಯಲು ದುಬಾರಿ ಹೆಡ್‌ಫೋನ್ ಕೇಳಿರಬೇಕು ಅಂತಾರೆ. ಯಾಕೆ? ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಖವ್ವಾಲಿಯವರ ಎದುರು ಕೂತವರಿಗೆ ಚಪ್ಪಾಳೆ ಹೇಗೆ ಕೇಳಬೇಕು ಅಂತ ಗೊತ್ತು. ಊರಲ್ಲಿ ರಾತ್ರಿಯಿಡೀ ಭಜನೆ ಕೇಳಿದವರಿಗೆ ತಾಳ, ಏಕತಾರಿ, ದಮ್ಮಡಿ ಗೊತ್ತು. ಮೈಕ್ ಇಲ್ಲದೆ ಹತ್ತಿರದಿಂದ ಕೇಳಿದ ಮನುಷ್ಯರ ದನಿ ಗೊತ್ತು. ಇದಕ್ಕಿಂತ ದೊಡ್ಡ ಅಳತೆಗೋಲು ಬೇಕಾ? ಹೆಡ್‌ಫೋನ್‌ನಲ್ಲಿ ಚಪ್ಪಾಳೆ ಅಂಗೈ ಅಂಗೈಗೆ ಬಡಿದ ಹಾಗೆ ಕೇಳಬೇಕು. ಕಾಗದ ಹರಿದ ಹಾಗೆ ಚರ್ ಅಂದರೆ ಮೇಲಿನ ಸ್ವರಗಳು ಜಾಸ್ತಿಯಾಗಿವೆ.

ಕಡಿಮೆ ಬೆಲೆಯ ಓಪನ್-ಬ್ಯಾಕ್‌ಗಳಲ್ಲಿ ಇದೇ ದೊಡ್ಡ ತೊಂದರೆ. ‘ಸ್ಪಷ್ಟ’ ಅನಿಸಲಿ ಅಂತ ಆರರಿಂದ ಒಂಬತ್ತು ಸಾವಿರ ಹರ್ಟ್ಜ್ ನಡುವಿನ ಮೇಲಿನ ಸ್ವರಗಳನ್ನ ಏರಿಸಿಬಿಟ್ಟಿರುತ್ತಾರೆ. ಮೊದಲ ಹಾಡಿಗೆ ‘ಆಹಾ, ಏನು ಕ್ಲಿಯರ್!’ ಅನಿಸುತ್ತದೆ. ಒಂದು ತಾಸು ಕೇಳಿದರೆ ಕಿವಿ ಸೋಲುತ್ತದೆ. ಇದನ್ನ ಹಿಡಿಯಲು ‘ಸ’, ‘ಶ’ ಜಾಸ್ತಿ ಬರುವ ವಚನ ಗಾಯನ ಹಾಕಿ. ಆ ಅಕ್ಷರ ಬಂದಾಗಲೆಲ್ಲ ಸೂಜಿ ಚುಚ್ಚಿದರೆ ಅದು ನಿಮಗಲ್ಲ.

ಎರಡನೆಯದು, ಹಳೆಯ ಮೊನೊ ರೆಕಾರ್ಡಿಂಗ್. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಇದ್ದರೆ ಅದೇ ಸಾಕು. ಮೊನೊದಲ್ಲಿ ಎರಡೂ ಕಿವಿಗೆ ಒಂದೇ ದನಿ ಹೋಗುತ್ತದೆ. ಹಾಗಾಗಿ ಹಾಡುವವರು ಸರಿಯಾಗಿ ನಡುವೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಹೆಡ್‌ಫೋನ್ ತಿರುಗಿಸಿ ಹಾಕಿಕೊಳ್ಳಿ. ವಾಲಿದ ದಿಕ್ಕೂ ತಿರುಗಿದರೆ ತಪ್ಪು ಹೆಡ್‌ಫೋನ್‌ನದು ಅಥವಾ ಅದಕ್ಕೆ ಹಾಡು ಕೊಡುವ ಫೋನಿನದು. ಬೇರೆ ಫೋನಿಗೆ ಹಾಕಿದರೆ ಯಾವುದು ಅಂತ ತಿಳಿಯುತ್ತದೆ. ತಿರುಗದಿದ್ದರೆ ನಿಮ್ಮ ಕಿವಿಯದು ಇರಬಹುದು. ಅಗ್ಗದ ಮಾಲಿನಲ್ಲಿ ಎಡ-ಬಲ ಹೊಂದದ ಪೀಸ್ ಬರುವುದುಂಟು. ರಿವ್ಯೂಗಳಲ್ಲಿ ಯಾರೂ ಇದನ್ನ ಹೇಳುವುದಿಲ್ಲ, ಯಾಕಂದರೆ ಅವರ ಪೀಸ್ ಬೇರೆ, ನಿಮ್ಮ ಪೀಸ್ ಬೇರೆ.

ಆಮೇಲೆ ತಂಬೂರಿ. ತಂತಿ ಮೀಟಿದ ಮೇಲೆ ಅದರ ಜವಾರಿ, ಅಂದರೆ ಝೇಂಕಾರ, ನಿಧಾನವಾಗಿ ಬಿಚ್ಚಿಕೊಳ್ಳುವುದು ಕೇಳಬೇಕು, ಹಾಡು ನಡೆಯುತ್ತಿದ್ದರೂ ಹಿಂದೆ ಕೇಳುತ್ತಲೇ ಇರಬೇಕು. ಇಲ್ಲಿ ಓಪನ್-ಬ್ಯಾಕ್ ಗೆಲ್ಲುತ್ತದೆ. ಅದೇ ದುಡ್ಡಿನ ಮುಚ್ಚಿದ ಹೆಡ್‌ಫೋನ್‌ಗಳಲ್ಲಿ ಬಟ್ಟಲಿನ ಗುಂಗು ಅದನ್ನ ನುಂಗುವುದು ಜಾಸ್ತಿ.

ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಬಂದಾಗ ಜಗಳ ಶುರು. ನನ್ನ ಕಾಕಾನ ಮಗ ಕೇಳಿದ ತಕ್ಷಣ ಅಂದ, “ಅಣ್ಣಾ, ಇದರಾಗ ಬೇಸೇ ಇಲ್ಲ ನೋಡು.” ಅವನು ದಿನಾ ಇಯರ್‌ಬಡ್‌ನಲ್ಲಿ ಕೇಳುವವನು. ಅವನ ಮಾತಿನಲ್ಲಿ ನಿಜ ಇದೆ. ಹಿಂಭಾಗ ತೆರೆದಿದ್ದರೆ ತೀರಾ ಕೆಳಗಿನ ಸ್ವರದಲ್ಲಿ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ಕಳೆಯುತ್ತವೆ, ದನಿ ಇಳಿಯುತ್ತದೆ. ಡಿಜೆ ಹಾಡು ಕೇಳುವವರು ಇದನ್ನ ಕೊಳ್ಳಬಾರದು, ನೇರವಾಗಿಯೇ ಹೇಳುತ್ತೇನೆ. ಆದರೆ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆದಾಗ ಬರುವ ಜಾರು ದನಿ ಅಷ್ಟು ಕೆಳಗಿರುವುದಿಲ್ಲ. ಒಳ್ಳೆಯ ಓಪನ್-ಬ್ಯಾಕ್‌ನಲ್ಲಿ ಅದು ಚೆನ್ನಾಗಿ ಬರುತ್ತದೆ, ಪಕ್ಕದ ತಬಲಾದ ಮೇಲೆ ಬೀಳುವುದಿಲ್ಲ.

ಡಬ್ಬಿ ಮೇಲಿನ ಅಂಕಿಗಳನ್ನ ಬಹಳ ನಂಬಬೇಡಿ. ಮನುಷ್ಯರ ಕಿವಿ ಕೇಳುವುದೇ 20ರಿಂದ 20,000 ಹರ್ಟ್ಜ್, ಅದೂ ವಯಸ್ಸಾದಂತೆ ಮೇಲಿನದು ಕಡಿಮೆಯಾಗುತ್ತದೆ. 35,000 ಅಂತ ಬರೆದರೆ ಯಾರಿಗೆ ಲಾಭ? 50 ಎಂಎಂ ಡ್ರೈವರ್ (ಒಳಗೆ ದನಿ ಹುಟ್ಟಿಸುವ ಪುಟ್ಟ ಸ್ಪೀಕರ್) ಅನ್ನುವುದೂ ಗುಣದ ಗುರುತಲ್ಲ. ತೊಗರಿ ಬೇಳೆ ಕೊಳ್ಳುವಾಗ ಚೀಲದ ಮೇಲಿನ ಅಚ್ಚು ಓದಿ ಕೊಳ್ಳುತ್ತೇವಾ, ಮುಷ್ಟಿಯಲ್ಲಿ ಹಿಡಿದು ನೋಡುತ್ತೇವಾ? ನೋಡಲೇಬೇಕಾದ ಅಂಕಿ ಅಂದರೆ ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು). ಫಿಲಿಪ್ಸ್ ಎಸ್‌ಎಚ್‌ಪಿ9500 32 ಓಮ್, ಫೋನಿಗೇ ಆರಾಮಾಗಿ ನಡೆಯುತ್ತದೆ. ಎಕೆಜಿ ಕೆ240 ಸ್ಟುಡಿಯೋ 55 ಓಮ್, ಅದು ಸೆಮಿ-ಓಪನ್, ಅಂದರೆ ಹಿಂಭಾಗ ಅರೆತೆರೆದದ್ದು. ಬೇಯರ್‌ಡೈನಾಮಿಕ್ ಡಿಟಿ 990 ಪ್ರೋ 250 ಓಮ್‌ನದು ತಂದರೆ ಆಂಪ್ಲಿಫೈಯರ್ ಬೇಕು, ಅಲ್ಲಿಗೆ ಬಜೆಟ್ ಮುಗಿಯಿತು. ನಿಮ್ಮ ಫೋನಿಗೆ 3.5 ಎಂಎಂ ತೂತು ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಬೆಲೆಯನ್ನೂ ಕೂಡಿಸಿಕೊಳ್ಳಿ.

ಬೆಲೆಯನ್ನ ಎಲ್ಲಿ ತೂಗಬೇಕು ಅಂದರೆ, ಬಾಳಿಕೆಯಲ್ಲಿ. ವೈರ್ ಬಿಚ್ಚಿ ಬೇರೆ ಹಾಕಲು ಬರುತ್ತದಾ? ವೈರ್ ಮುರಿಯುವುದು ಪಿನ್ನಿನ ಹತ್ತಿರವೇ. ಬಿಚ್ಚಲು ಬಂದರೆ ಹೊಸ ವೈರ್ ತಂದು ಚುಚ್ಚಿದರೆ ಮುಗಿಯಿತು. ಇಲ್ಲದಿದ್ದರೆ ಮೊಬೈಲ್ ರಿಪೇರಿಯವರ ಹತ್ತಿರ ಹೋಗಿ ಬೆಸುಗೆ ಹಾಕಿಸಬೇಕು. ಪ್ಯಾಡ್ ಬದಲಿಸಲು ಬರುತ್ತದಾ, ಸಿಗುತ್ತದಾ? ಪ್ಯಾಡ್ ಬದಲಾದರೆ ದನಿಯೂ ಬದಲಾಗುತ್ತದೆ, ಅದಕ್ಕೇ ಅದೇ ತರಹದ್ದು ಸಿಗಬೇಕು. ಇನ್ನೊಂದು, ನಮ್ಮ ಕಡೆಯ ಧೂಳು. ಜಾಲರಿ ತೆರೆದಿದೆ, ಒಳಗೆ ಆಯಸ್ಕಾಂತ ಇದೆ, ಧೂಳಿನಲ್ಲಿರುವ ಕಬ್ಬಿಣದ ಕಣಗಳನ್ನ ಅದು ಎಳೆದುಕೊಳ್ಳುತ್ತದೆ. ಕೇಳಿ ಮುಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಮೇಲಿನ ಸ್ವರ ಚುಚ್ಚುವುದನ್ನ ಫೋನಿನ ಈಕ್ವಲೈಜರ್‌ನಿಂದ ಸ್ವಲ್ಪ ಇಳಿಸಬಹುದು. ಎಡ-ಬಲ ಹೊಂದದ್ದು, ಡ್ರೈವರ್ ಗರಗರ ಅನ್ನುವುದು, ತಲೆ ಒತ್ತುವುದು ಈಕ್ವಲೈಜರ್‌ನಿಂದ ಹೋಗುವುದಿಲ್ಲ. ಕಲಬುರಗಿಯಲ್ಲಾಗಲಿ ಯಾದಗಿರಿಯಲ್ಲಾಗಲಿ ಇವನ್ನ ಕೇಳಿ ನೋಡಿ ಕೊಳ್ಳುವ ಅಂಗಡಿ ನಾನು ನೋಡಿಲ್ಲ. ಆನ್‌ಲೈನ್‌ನಲ್ಲೇ ತರಿಸಬೇಕು. ಹಾಗಾಗಿ ಡಬ್ಬಿ ಬಂದ ದಿನವೇ ಮೊನೊ ಹಾಡು ಹಾಕಿ ನೋಡಿ, ವಾಪಸ್ ಕಳಿಸುವ ದಿನ ಮುಗಿಯುವವರೆಗೆ ಕಾಯಬೇಡಿ.

ನನ್ನ ಹತ್ತಿರ ಎಸ್‌ಎಚ್‌ಪಿ9500 ಇದೆ. ಊರಲ್ಲಿ ಯಾರ ಹತ್ತಿರವಾದರೂ ಕೆ240 ಇದ್ದರೆ ಕಾಮೆಂಟ್‌ನಲ್ಲಿ ತಿಳಿಸಿ. ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ಫ್ಯಾನ್ ಬಂದ್ ಮಾಡಿ, ಒಂದೇ ಹಾಡನ್ನ ಎರಡರಲ್ಲೂ ಕೇಳೋಣ.