ನೈಋತ್ಯಕ್ಕೆ ಸ್ಪೀಕರ್, ಈಶಾನ್ಯಕ್ಕೆ ಶ್ರೋತೃ

ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಸೀಮೆಯವರು ನಾವು ಎಂಬ ಹೆಮ್ಮೆ ಈಗ ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ‘ಮ್ಯೂಸಿಕ್ ರೂಮ್’ ಆಗಿ ಎದ್ದು ನಿಂತಿದೆ. ಕೋಣೆ 12 ಅಡಿಗೆ 12 ಅಡಿ. ವಾಸ್ತು ಪ್ರಕಾರ ಚೌಕವಿದ್ದರೆ ಶುಭವಂತೆ. ಆದರೆ 12 ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್‌ನ ನಾದ, ಅದರ ಇಮ್ಮಡಿ 94, ಬಡಿದು ಬಡಿದು ಉಬ್ಬುತ್ತವೆ. ಚೌಕದಲ್ಲಿ ಎರಡೂ ಜೋಡಿ ಗೋಡೆ ಅದನ್ನೇ ಉಬ್ಬಿಸುತ್ತವೆ. ಕೂತ ಜಾಗ ನೋಡಿಕೊಂಡು ತಬಲಾ ಜೋಡಿಯ ಡಗ್ಗಾ ಒಮ್ಮೆ ಗುಡುಗುತ್ತದೆ, ಒಮ್ಮೆ ಕಾಣೆಯಾಗುತ್ತದೆ.

ಭಾರದ ಸಾಮಾನು ನೈಋತ್ಯಕ್ಕಿರಬೇಕೆಂದು ಎರಡೂ ಸ್ಪೀಕರುಗಳನ್ನು ಆ ಒಂದೇ ಮೂಲೆಗೆ ತುರುಕಿದ್ದಾರೆ. ಸ್ಟೀರಿಯೊಗೆ ಅಲ್ಲಿಗೇ ಎಳ್ಳು-ನೀರು. ಮೂಲೆ ಸೇರಿದ ಸ್ಪೀಕರ್ ಮಂದ್ರವನ್ನು ಇನ್ನಷ್ಟು ಊದಿಸುತ್ತದೆ. ಗೋಡೆಯಿಂದ ಎರಡು ಅಡಿ ಮುಂದೆ ತಂದು, ಒಂದರಿಂದೊಂದು ಆರು ಅಡಿ ದೂರವಿಟ್ಟು, ಕೂರುವವರೂ ಅಷ್ಟೇ ದೂರದಲ್ಲಿ ಕೂತು, ತೀಕ್ಷ್ಣ ದನಿ ಹೊರಡಿಸುವ ಪುಟ್ಟ ಟ್ವೀಟರ್ ಕಿವಿಯ ಮಟ್ಟಕ್ಕೆ ಬಂದರೆ ಅರ್ಧ ರೋಗ ಹೋಗುತ್ತದೆ. ಖರ್ಚು ಸೊನ್ನೆ. ಅದಕ್ಕೇ ಅದನ್ನು ಯಾರೂ ನಂಬುವುದಿಲ್ಲ.

ನಂಬುವುದು ತಂತಿಯನ್ನು. ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುವಷ್ಟು ದುಡ್ಡಿಗೆ ಬೆಳ್ಳಿಯ ಯುಎಸ್‌ಬಿ ಕೇಬಲ್ ಬಂತು. “ಕೇಳ್ರೀ, ಈಗ ಮಂದ್ರದ ಖರ್ಜ ಹೆಂಗ ಬಿಚ್ಚಿ ಬರಾಕತ್ತೈತಿ!” ಆ ತಂತಿಯಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ತಂತಿ ಕೆಟ್ಟರೆ ಚಟ್ ಎಂದು ಸದ್ದು ಬರುತ್ತದೆ, ಇಲ್ಲವೇ ಹಾಡು ನಡುವೆ ತುಂಡಾಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ ಮಾತ್ರ ತೆಳ್ಳಗಾಗುವುದಿಲ್ಲ. ಕರೆಂಟಿನ ತಂತಿಯೂ ಬದಲಾಯಿತು: ಕಂಬದ ಮೇಲೆಲ್ಲಾ ಅಲ್ಯೂಮಿನಿಯಂನಲ್ಲಿ ಬಂದ ವಿದ್ಯುತ್ತು ಕೊನೆಯ ಒಂದೂವರೆ ಮೀಟರಿನಲ್ಲಿ ಮಡಿ ಉಟ್ಟುಕೊಳ್ಳಬೇಕಂತೆ. ಸ್ಪೀಕರಿಗೆ ಎಲೆಕ್ಟ್ರಿಕ್ ಅಂಗಡಿಯ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ಐದು ಮೀಟರ್ ಎಳೆದು ಹೋಗಿಬರುವ ದಾರಿ ಎರಡೂ ಕೂಡಿಸಿದರೂ ರೋಧ 0.1 ಓಮ್ ಮುಟ್ಟುವುದಿಲ್ಲ.

ಇಷ್ಟಾಗಿ ಹಾಡು ಬರುವುದು ಬ್ಲೂಟೂತ್‌ನಲ್ಲಿ! ಸಿಡಿ ಗುಣಮಟ್ಟಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬ್ಲೂಟೂತಿನಲ್ಲಿ ದನಿ ಹಿಂಡುವ ಸಾದಾ ವಿಧಾನವಾದ ಎಸ್‌ಬಿಸಿ ಅದನ್ನು ಸುಮಾರು 328ಕ್ಕೆ ಹಿಂಡುತ್ತದೆ. ಬೆಳ್ಳಿಯ ತಂತಿ ಪಕ್ಕದಲ್ಲಿ ಪೂಜೆಗಿಟ್ಟಂತೆ ಬಿದ್ದಿರುತ್ತದೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಿಂದ ಇಳಿಸಿದ, ಕರಕರ ಎನ್ನುವ ಮೂರು ಮಿನಿಟಿನ ಭೈರವಿಯೂ ಇವರಿಗೆ 192 ಕಿಲೋಹರ್ಟ್ಜ್‌ನಲ್ಲೇ, ಅಂದರೆ ಸೆಕೆಂಡಿಗೆ 1,92,000 ಸಲ ದನಿ ಅಳೆದದ್ದೇ ಬೇಕು. ಅಳೆಯುವ ವೇಗದ ಅರ್ಧದವರೆಗಿನ ನಾದ ಹಿಡಿಯಬಹುದಾದ್ದರಿಂದ 44.1 ಕಿಲೋಹರ್ಟ್ಜ್‌ನ ಸಿಡಿಯೇ ಮನುಷ್ಯರ ಕಿವಿಯ 20 ಸಾವಿರ ಹರ್ಟ್ಜ್ ಮಿತಿಯನ್ನು ದಾಟುತ್ತದೆ. ಅರವತ್ತು ದಾಟಿದ ಕಿವಿ 12 ಸಾವಿರದ ಹೊತ್ತಿಗೇ ಸುಸ್ತಾಗುವುದು ಬೇರೆ ಮಾತು. 192ರಿಂದ ಹೆಚ್ಚಾಗಿ ಸಿಗುವುದೇನಾದರೂ ಇದ್ದರೆ ಅದು ತಟ್ಟೆಯ ಕರಕರ.

ನೆಲ ಇಟಾಲಿಯನ್ ಮಾರ್ಬಲ್, ಒಂದು ಬದಿ ಪೂರಾ ಗಾಜು. ಚಪ್ಪಾಳೆ ತಟ್ಟಿದರೆ ಟಿಣ್ ಎಂದು ತಿರುಗಿ ಬರುತ್ತದೆ. ಒಂದು ನವಲಗುಂದದ ಜಮಖಾನೆ ಹಾಸಿ, ಗಾಜಿಗೆ ದಪ್ಪ ಪರದೆ ಇಳಿಬಿಟ್ಟು, ಮೂಲೆಗಳಿಗೆ ಅರಳೆ ಗಾದಿ ಒರಗಿಸಿದರೆ ದನಿ ತಿಳಿಯಾಗುತ್ತದೆ. ಆದರೆ ಮಾರ್ಬಲ್ ಮುಚ್ಚಿಹೋಗುತ್ತದಲ್ಲ? ಜಮಖಾನೆ ಕಪಾಟಿನ ಮೇಲೆ ಸುತ್ತಿಕೊಂಡು ಮಲಗಿದೆ.

ಬಲಗಡೆ ಸ್ಪೀಕರಿನ ಕೆಂಪು-ಕಪ್ಪು ತಂತಿ ಅದಲುಬದಲಾಗಿರುವುದನ್ನಂತೂ ಯಾರೂ ನೋಡಿಲ್ಲ. ಆಂಪ್ಲಿಫೈಯರಿನಿಂದ ವೈರು ಬಿಚ್ಚಿ ಆ ತುದಿಗಳಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿದರೆ ಗೊತ್ತಾಗುತ್ತದೆ: ಕೆಂಪು ತುದಿಗೆ ಪ್ಲಸ್ ಕೊಟ್ಟಾಗ ಕೋನ್ ಮುಂದೆ ಬರಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಎರಡರ ಮಂದ್ರವೂ ಒಂದನ್ನೊಂದು ತಿಂದುಹಾಕುತ್ತದೆ.

ತಂತಿಯ ಮಹಿಮೆ ತಿಳಿಯಲೂ ದಾರಿಯಿದೆ. ಪರದೆ ಹಿಂದೆ ಇನ್ನೊಬ್ಬರು ತಂತಿ ಬದಲಿಸಲಿ, ಹತ್ತು ಸಲ ಕೇಳಿ ಯಾವುದು ಯಾವುದೆಂದು ಬರೆದಿಡಿ. ದನಿಯ ಮಟ್ಟ ಮಾತ್ರ ಎರಡಕ್ಕೂ ಒಂದೇ ಇರಲಿ. ಒಂದು ಡೆಸಿಬೆಲ್ ಏರಿದರೂ ಅದೇ ಚಲೋ ಅನಿಸುತ್ತದೆ. ಇದನ್ನು ಹೇಳಿದರೆ ಮ್ಯೂಸಿಕ್ ರೂಮಿನ ಯಜಮಾನರಿಗೆ ಸಿಟ್ಟು ಬರುತ್ತದೆ: “ಕಾಣಲಿಲ್ಲಂದ್ರ ತಂತಿ ಹೆಂಗ್ರೀ ಕೇಳಸ್ತೈತಿ?”